ಟೀಚರ್ ಮನೆಗೆ ಆರಿಸಿದ ಸ್ಪೀಕರು

ಅವನಿಗೆ ಕಿವಿರಾಯ ಅಂತ ಹೆಸರಿಟ್ಟವರು ಅಂಗಡಿಯ ಮಾಲೀಕರು. ಮೊದಮೊದಲು ತಮಾಷೆಗೆ ಕರೆದದ್ದು, ಆಮೇಲೆ ಗಿರಾಕಿಗಳ ಬಾಯಲ್ಲೂ ಅದೇ ನಿಂತುಹೋಯಿತು. ಆಂಪ್ಲಿಫೈಯರ್, ಸ್ಪೀಕರು ಮಾರುವ, ಹಳೆಯದನ್ನು ಕೊಂಡು ರಿಪೇರಿ ಮಾಡಿ ಮತ್ತೆ ಮಾರುವ ಆ ಅಂಗಡಿಯಲ್ಲಿ ಅವನು ಮೂವತ್ತೊಂದು ವರ್ಷದಿಂದ ಕೆಲಸಕ್ಕಿದ್ದ. ಹೊರಗೆ ರಸ್ತೆಯಲ್ಲಿ ಎಷ್ಟೇ ಗಲಾಟೆ ಇರಲಿ, ಹಾಡುತ್ತಿರುವ ಸ್ಪೀಕರಿನ ಮುಂದೆ ಒಂದು ಗಳಿಗೆ ತಲೆ ವಾಲಿಸಿ ನಿಂತು "ಎಡಗಡೇದು ಸ್ವಲ್ಪ ಮಂಕು" ಅಂದನೆಂದರೆ, ಬಿಚ್ಚಿ ನೋಡಿದಾಗ ಅದರಲ್ಲಿ ಏನಾದರೊಂದು ಐಬು ಇದ್ದೇ ಇರುತ್ತಿತ್ತು.

ಮನೆಯಲ್ಲೇ ಥಿಯೇಟರಿನ ಸದ್ದು ಬೇಕು, ಆದರೆ ಕೈ ಬಿಗಿ ಅನ್ನುವವರಿಗೆ ಅವನು ಹೇಳುತ್ತಿದ್ದದ್ದು ಒಂದೇ. ಎಲ್ಲ ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಕೊಡುವ ಸೆಟ್ಟಿಗೆ ಮರುಳಾಗಬೇಡಿ, ಬಿಡಿಬಿಡಿಯಾಗಿ ತಗೊಳ್ಳಿ. ಮೊದಲು ಎಲ್ಲ ಸ್ಪೀಕರಿಗೂ ಸದ್ದು ಹಂಚುವ ಒಂದು ಒಳ್ಳೆಯ ರಿಸೀವರು, ಹಳೆಯದಾದರೂ ಚಿಂತೆಯಿಲ್ಲ. ಟಿವಿಯ ಎರಡು ಬದಿಗೆ ಎರಡು ಸ್ಪೀಕರು. ಟಿವಿಯ ಕೆಳಗೆ ಮಧ್ಯದಲ್ಲಿ ಒಂದು ಸೆಂಟರ್ ಸ್ಪೀಕರು, ಯಾಕೆಂದರೆ ಸಿನಿಮಾದ ಮಾತೆಲ್ಲ ಅದರಿಂದಲೇ ಬರುವುದು. ಎದೆ ಗುದ್ದುವ ಸಬ್‌ವೂಫರು, ಬೆನ್ನ ಹಿಂದಿನ ಜೋಡಿ, ಅವೆಲ್ಲ ಕೈಯಲ್ಲಿ ಕಾಸಾದಾಗ ಒಂದೊಂದಾಗಿ. ಈ ಲೆಕ್ಕದಲ್ಲಿ ಅವನು ಆರಿಸಿಕೊಟ್ಟ ಸಾಮಾನು ಆ ಬಡಾವಣೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹಾಡುತ್ತಿದೆ.

ಐವತ್ತಮೂರು ದಾಟಿದ ಮೇಲೆ ಅವನ ಕಿವಿ ಕೈಕೊಡಲು ಶುರುವಾಯಿತು. ಮೊದಲು ಗೊತ್ತಾದದ್ದು ಹೆಂಡತಿಗೆ. ಒಂದು ಸಲ ಜ್ವರ ಬಂದು ಮಲಗಿದ್ದಾಗ, ಥರ್ಮಾಮೀಟರನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಸೂರು ನೋಡುತ್ತಿದ್ದ. "ಅದು ಆಗಲೇ ಕೂಗಿ ಆಯ್ತಲ್ರೀ, ಇನ್ನೂ ಯಾಕೆ ಚೀಪ್ತಿದ್ದೀರಿ?" ಅಂತ ಅವಳು ನಕ್ಕಳು. ಅವನೂ ನಕ್ಕ. ಮಾರನೆಯ ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಪರೀಕ್ಷೆಯ ಸದ್ದುಗಳ ಡಿಸ್ಕು ಹಾಕಿ ಕೇಳಿದ. ದಪ್ಪ ಸದ್ದಿನಿಂದ ಹೊರಟು ಸಣ್ಣ ಸದ್ದಿನ ಕಡೆಗೆ ಏರುತ್ತ ಹೋಗುವ ಆ ದನಿ, ಅರ್ಧ ದಾರಿಯಲ್ಲೇ ಯಾರೋ ಬಾಗಿಲು ಹಾಕಿದ ಹಾಗೆ ನಿಂತುಹೋಯಿತು. ಡಿಸ್ಕು ಮಾತ್ರ ತಿರುಗುತ್ತಲೇ ಇತ್ತು.

ಅದನ್ನು ಅವನು ಯಾರಿಗೂ ಹೇಳಲಿಲ್ಲ. ಕಿವಿಯಿಂದಲೇ ಹೆಸರು ಪಡೆದವನು ಯಾವ ಬಾಯಲ್ಲಿ ಹೇಳಿಯಾನು? ಬದಲಿಗೆ ಉಪಾಯಗಳನ್ನು ಕಲಿತ. ದಪ್ಪ ಸದ್ದು ನುಡಿಸುವ ವೂಫರಿನ ಮೇಲೆ ಬೆರಳ ತುದಿಯಿಟ್ಟು ಅದರ ನಡುಕ ನೋಡುತ್ತಿದ್ದ. ಎರಡು ಜೋಡಿ ಸ್ಪೀಕರು ಹಾಕಿ ತೋರಿಸುವಾಗ ಗಿರಾಕಿಯ ಮುಖವನ್ನೇ ದಿಟ್ಟಿಸುತ್ತಿದ್ದ. ಯಾವುದಕ್ಕೆ ಆ ಮುಖ ಅರಳುತ್ತದೋ, "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಅನ್ನುತ್ತಿದ್ದ. ಹೀಗೆ ಎರಡು ವರ್ಷ ಸಾಗಿಸಿದ.

ಅಷ್ಟರಲ್ಲಿ ಟೀಚರ್ ಕಡೆಯಿಂದ ಕರೆ ಬಂತು. ಅವನಿಗೆ ನಾಲ್ಕನೆಯ ತರಗತಿಯಲ್ಲಿ ಭಾಷೆ ಕಲಿಸಿದವರು. ಸಕಾರ ಶಕಾರ ತಪ್ಪಿದರೆ ಇಡೀ ತರಗತಿಯ ಮುಂದೆ ಹತ್ತು ಸಲ ಹೇಳಿಸುತ್ತಿದ್ದವರು. ಈಗ ಎಪ್ಪತ್ತೈದರ ಮೇಲಾಗಿತ್ತು, ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಸಿನಿಮಾ ಅಂದರೆ ಪ್ರಾಣ. ನೋಡಲಾಗದಿದ್ದರೂ ಕೇಳಿಯಾದರೂ ಕೇಳೋಣ ಅಂತ, ಒಂದು ಸಣ್ಣ ವ್ಯವಸ್ಥೆ ಮಾಡಿಕೊಡಲು ಹೇಳಿ ಕಳಿಸಿದ್ದರು.

ಅವರ ಮನೆ ಎರಡನೆಯ ಮಹಡಿಯಲ್ಲಿ. ನಡುಮನೆ ಹನ್ನೆರಡಡಿ ಉದ್ದ. ಒಂದು ಗೋಡೆಗೆ ಟಿವಿ, ಎದುರು ಗೋಡೆಗೆ ಟೀಚರ ಕುರ್ಚಿ. ಟೀಚರ ಗಂಡ ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಸೀಟಿ ಹಾರನ್ನುಗಳ ನಡುವೆ ಆಯುಷ್ಯ ಕಳೆದು ಈಗಲೂ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ಹಾಗೇ ಮಾತಾಡುತ್ತಿದ್ದರು. ತಮಗೆ ಸ್ಪೀಕರಿನ ವಿಷಯ ಒಂದೂ ತಿಳಿಯದು, ಸದ್ದು ಬಂದರೆ ಸಾಕು, ನೀನೇ ಆರಿಸಪ್ಪ ಅಂದುಬಿಟ್ಟರು.

ಕಿವಿರಾಯ ಅಳತೆ ಮಾಡಿಕೊಂಡು ಬಂದು ಅಂಗಡಿಯಲ್ಲಿ ಮೂರು ದಿನ ಹುಡುಕಿದ. ಸಾಧಾರಣ ಬೆಲೆಯ ಒಂದು ಹಳೆಯ ರಿಸೀವರು, ಬದಿಗೆ ಎರಡು ಹೊಸ ಚಿಕ್ಕ ಸ್ಪೀಕರು ಆರಿಸಿದ. ಸೆಂಟರ್ ಸ್ಪೀಕರು ಮಾತ್ರ ಹಳೆಯ ಸಾಮಾನಿನ ಕಪಾಟಿನಲ್ಲಿ ಸಿಕ್ಕಿತು. ಒಳ್ಳೆಯ ತಯಾರಿಕೆ, ಮರದ ಪೆಟ್ಟಿಗೆ, ಗೀರಿಲ್ಲ. ವೂಫರುಗಳ ಮೇಲೆ ಬೆರಳಿಟ್ಟ, ಎರಡೂ ಚೆನ್ನಾಗಿ ನಡುಗಿದವು. ನಡುವೆ ಟ್ವೀಟರು, ಸಣ್ಣ ಸದ್ದುಗಳನ್ನು ನುಡಿಸುವ ಗುಂಡಿಯಷ್ಟಗಲದ ಗುಮ್ಮಟ. ಅದರ ನಡುಕ ಬೆರಳಿಗೆ ಸಿಗುವಂಥದ್ದಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಕರೆಂಟು ಹರಿಯುತ್ತದೋ ಇಲ್ಲವೋ ತೋರಿಸುವ ಮೀಟರು ಹಿಡಿದಿದ್ದರೆ ಅದು ಬದುಕಿದೆಯೋ ಸತ್ತಿದೆಯೋ ಎರಡೇ ನಿಮಿಷದಲ್ಲಿ ತಿಳಿಯುತ್ತಿತ್ತು. ಆದರೆ ಮಾಲೀಕರು ಎದುರಿಗೇ ಕೂತಿದ್ದರು. ಕಿವಿರಾಯ ಸ್ಪೀಕರಿಗೆ ಮೀಟರು ಹಿಡಿಯುವುದೇ? ಹಿಡಿಯಲಿಲ್ಲ. ತಲೆ ವಾಲಿಸಿ ಕೇಳಿದ ಹಾಗೆ ಮಾಡಿ, "ಫಸ್ಟ್ ಕ್ಲಾಸ್" ಅಂದ.

ಒಂದು ಭಾನುವಾರ ಮಧ್ಯಾಹ್ನ ಎಲ್ಲವನ್ನೂ ಜೋಡಿಸಿಕೊಟ್ಟ. ಹಳೆಯ ಸಿನಿಮಾ ಒಂದನ್ನು ಹಾಕಿದರು. ಕಂಡಕ್ಟರು ತೊಡೆ ತಟ್ಟಿಕೊಂಡು ಭೇಷ್ ಅಂದರು. ಟೀಚರ್ ಮಾತ್ರ ಕುತ್ತಿಗೆ ಮುಂದೆ ಚಾಚಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, ಮಾತು ಕಂಬಳಿ ಹೊದ್ದುಕೊಂಡು ಬಂದ ಹಾಗಿದೆ, ಸ ಯಾವುದು ಶ ಯಾವುದು ತಿಳಿಯುತ್ತಿಲ್ಲ ಅಂದರು. ಕಿವಿರಾಯ ರಿಸೀವರಿನ ಗುಂಡಿ ಅತ್ತಿತ್ತ ತಿರುಗಿಸಿದ. ಈಗ ಹೇಗಿದೆ ಅಂತ ಕೇಳಿದ. ಹಾಗೇ ಇದೆ ಅಂದರು. ಆಗ ಅವನ ಬಾಯಿಂದ ಆ ಮಾತು ಬಂತು.

"ಸ್ಪೀಕರಲ್ಲಿ ಏನೂ ತೊಂದರೆ ಇಲ್ಲ ಟೀಚರ್. ವಯಸ್ಸಾದ ಮೇಲೆ ಕಿವಿ ಹೀಗಾಗುತ್ತೆ, ಮೊದಲು ಹೋಗೋದೇ ಸಕಾರ ಶಕಾರ."

ಅವನಿಗೆ ಅದು ಅಷ್ಟು ಚೆನ್ನಾಗಿ ಗೊತ್ತಿದ್ದದ್ದೇ ತನ್ನ ಕಿವಿಯಿಂದ. ಟೀಚರ್ ಕುರ್ಚಿಗೆ ಒರಗಿ, ನೀನು ಹೇಳಿದ ಮೇಲೆ ಹಾಗೇ ಇರಬೇಕು ಅಂದರು. ಚಹಾ ಕುಡಿಸಿ ಕಳಿಸಿದರು.

ಎರಡೂವರೆ ವಾರ ಕಳೆದ ಮೇಲೆ ಕಂಡಕ್ಟರು ಅಂಗಡಿಗೆ ಬಂದರು. ಯಾವತ್ತೂ ಗಟ್ಟಿಯಾಗಿ ಮಾತಾಡುವವರು ಅಂದು ದನಿ ತಗ್ಗಿಸಿ, ಅವನನ್ನು ಪಕ್ಕಕ್ಕೆ ಕರೆದು ಹೇಳಿದರು. ಇವಳನ್ನು ಕಿವಿ ಡಾಕ್ಟರ ಹತ್ತಿರ ತೋರಿಸಿದೆವು. ಈ ವಯಸ್ಸಿಗೆ ಇಷ್ಟು ಚುರುಕಾದ ಕಿವಿ ತಾನು ನೋಡಿಲ್ಲ ಅಂದರು ಡಾಕ್ಟರು. ಅದನ್ನು ಕೇಳಿ ಇವಳಿಗೆ ಸಂತೋಷವಾಗುವ ಬದಲು ಕಂಗಾಲಾಗಿದ್ದಾಳೆ. ಸ್ಪೀಕರು ಸರಿಯಿದೆ, ಕಿವಿ ಸರಿಯಿದೆ, ಹಾಗಾದರೆ ಕೆಟ್ಟಿರುವುದು ನನ್ನ ತಲೆಯೇ ಅಂತ ಕೂತುಬಿಟ್ಟಿದ್ದಾಳೆ. ಟಿವಿ ಹಾಕಲು ಬಿಡುತ್ತಿಲ್ಲ, ಊಟವೂ ಅಷ್ಟಕ್ಕಷ್ಟೆ.

ಕಿವಿರಾಯ ಇನ್ನೊಂದು ಸಲ ನೋಡುತ್ತೇನೆ ಅಂತ ಅವರ ಜೊತೆಯಲ್ಲೇ ಹೊರಟು, ಸೆಂಟರ್ ಸ್ಪೀಕರನ್ನು ಬಿಚ್ಚಿ ಅಂಗಡಿಗೆ ಹೊತ್ತು ತಂದ. ಹಿಂದಿನ ಕೋಣೆಯಲ್ಲಿ ಕೂತು ನಾಲ್ಕು ಸ್ಕ್ರೂ ಬಿಚ್ಚಿದ. ಟ್ವೀಟರಿಗೆ ಮೀಟರು ಹಿಡಿದ. ಮುಳ್ಳು ಅಲ್ಲಾಡಲಿಲ್ಲ. ಒಳಗಿನ ಸುರುಳಿ ಎಂದೋ ಸುಟ್ಟುಹೋಗಿತ್ತು.

ಅಂದು ಸಂಜೆಯೊಳಗೆ ಹೊಸ ಟ್ವೀಟರು ಕೂರಿಸಿ ಟೀಚರ್ ಮನೆಗೆ ಒಯ್ದ. ದಾರಿಯುದ್ದಕ್ಕೂ ನಿಜ ಹೇಳಬೇಕು ಅಂತಲೇ ನಡೆದ. ಮೆಟ್ಟಿಲು ಹತ್ತುವಾಗಲೂ ಅದೇ. ಜೋಡಿಸಿ ಸಿನಿಮಾ ಹಾಕಿದ ಕೂಡಲೇ ಟೀಚರ ಮುಖ ಅರಳಿತು. ಬಾಯಿ ಅರ್ಧ ತೆರೆದು, ಎರಡೂ ಕೈಯಿಂದ ಕುರ್ಚಿಯ ತೋಳು ಬಿಗಿಯಾಗಿ ಹಿಡಿದು, "ಇದೇ, ಇದೇ" ಅಂತ ಅಳುವುದಕ್ಕೇ ಶುರುಮಾಡಿದರು. ಏನಾಗಿತ್ತಪ್ಪ ಅಂತ ಕಂಡಕ್ಟರು ಕೇಳಿದರು.

"ಒಳಗೆ ಒಂದು ತಂತಿ ಸಡಿಲ ಆಗಿತ್ತು" ಅಂದ ಕಿವಿರಾಯ.

ವಿಷಯ ಅಲ್ಲಿಗೆ ಮುಗಿದಿದ್ದರೆ ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಆದರೆ ವಾರದೊಳಗೆ ಟೀಚರ್ ಒಂದು ಪತ್ರ ಬರೆಸಿ ಮಾಲೀಕರಿಗೆ ಕಳಿಸಿದರು. ಡಾಕ್ಟರಿಗೂ ತಿಳಿಯದ ದೋಷವನ್ನು ನನ್ನ ಶಿಷ್ಯನ ಕಿವಿ ಹುಡುಕಿತು, ಕಣ್ಣಿಲ್ಲದವಳಿಗೆ ಮತ್ತೆ ಸಿನಿಮಾ ಕೊಟ್ಟ, ಹೀಗೆ ಒಂದು ಪುಟ. ಮಾಲೀಕರು ಹಿಗ್ಗಿ ಹೀರೇಕಾಯಿಯಾದರು. ಅದನ್ನು ಗಲ್ಲಾದ ಮೇಲಿನ ಗೋಡೆಗೆ ಅಂಟಿಸಿದರು. ಬಂದ ಗಿರಾಕಿಗಳೆಲ್ಲ ಓದಿ, ಅವನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆದೂಗುತ್ತಿದ್ದರು. ಒಬ್ಬರಂತೂ, ನಮ್ಮ ಮನೆಗೂ ನೀವೇ ಬರಬೇಕು, ಎಷ್ಟು ದಿನವಾದರೂ ಕಾಯುತ್ತೇವೆ ಅಂದರು. ಕಿವಿರಾಯನಿಗೆ ಆ ಗೋಡೆಯ ಕಡೆ ಮುಖ ಎತ್ತಲಾಗುತ್ತಿರಲಿಲ್ಲ. ಬೆನ್ನು ಮಾಡಿ ಕೂತರೂ ಆ ಕಾಗದ ಬೆನ್ನನ್ನೇ ಓದುತ್ತಿದೆ ಅನ್ನಿಸುತ್ತಿತ್ತು. ಮನೆಯಲ್ಲಿ ಹೆಂಡತಿ ಪತ್ರದ ವಿಷಯ ಅಕ್ಕಪಕ್ಕದವರಿಗೆ ಹೇಳಿಕೊಂಡಳೆಂದು ತಿಳಿದಾಗ ಉಣ್ಣುತ್ತಿದ್ದ ತಟ್ಟೆ ಪಕ್ಕಕ್ಕೆ ಸರಿಸಿದ. ಅವಳಿಗೇ ಮೊದಲು ಎಲ್ಲ ಹೇಳಿದ. ಅವಳು ಬೈಯಲಿಲ್ಲ. "ನನಗೆ ಹೇಳಿ ಏನು ಬಂತು?" ಅಂದಳು, ಅಷ್ಟೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಪತ್ರವನ್ನು ಹರಿಯದ ಹಾಗೆ ಗೋಡೆಯಿಂದ ಬಿಡಿಸಿ, ಮಡಿಸಿ ಜೇಬಿಗಿಟ್ಟುಕೊಂಡು ಟೀಚರ್ ಮನೆಗೆ ಹೋದ. ಕೂರು ಅಂದರೂ ಕೂರಲಿಲ್ಲ.

"ಟೀಚರ್, ತಂತಿ ಸಡಿಲ ಆಗಿರಲಿಲ್ಲ. ನಾನು ತಂದು ಇಟ್ಟದ್ದೇ ಸುಟ್ಟುಹೋದ ಸ್ಪೀಕರು. ಅದು ಸುಟ್ಟಿದೆ ಅಂತ ನನಗೆ ಕೇಳಿಸಲಿಲ್ಲ. ಈಗ ಸರಿಹೋಗಿರೋದೂ ನನಗೆ ಕೇಳಿಸಲ್ಲ, ನಿಮ್ಮ ಮುಖ ನೋಡಿ ತಿಳ್ಕೊಂಡೆ."

ಕಂಡಕ್ಟರು ಮೊದಲು ಇದೇನೋ ತಮಾಷೆ ಅಂದುಕೊಂಡು ನಕ್ಕರು. ಹೆಂಡತಿ ನಗದಿರುವುದನ್ನು ಕಂಡು ನಿಲ್ಲಿಸಿದರು. ಟೀಚರ್ ಅವನ ದನಿ ಬಂದ ಕಡೆ ಮುಖ ತಿರುಗಿಸಿದರು. ಆಮೇಲೆ ಕೇಳಿದರು:

"ನನ್ನ ಕಿವಿಗೆ ವಯಸ್ಸಾಯ್ತು ಅಂದೆಯಲ್ಲ, ಆವತ್ತು ನಿನ್ನ ಕಿವಿ ಹೀಗಿದೆ ಅಂತ ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಅನ್ನುವುದು ಸುಲಭವಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು ಕೂಡ.

"ಗೊತ್ತಿತ್ತು" ಅಂದ.

"ಹದಿನೆಂಟು ದಿವಸ" ಅಂದರು ಟೀಚರ್. ದನಿ ಏರಲಿಲ್ಲ. "ಡಾಕ್ಟರು ಕಿವಿ ಸರಿಯಿದೆ ಅಂದ ಮೇಲಂತೂ ಬೆಳಿಗ್ಗೆ ಎದ್ದ ಕೂಡಲೇ ನಾನು ಪಾಠ ಮಾಡಿದ ಮಕ್ಕಳ ಹೆಸರು ಒಂದೊಂದಾಗಿ ಹೇಳ್ಕೊಂಡು ನೋಡ್ತಿದ್ದೆ, ತಲೆ ಇನ್ನೂ ಇದೆಯೋ ಹೋಯ್ತೋ ಅಂತ. ಅದರಲ್ಲಿ ನಿನ್ನ ಹೆಸರೂ ಇತ್ತು." ಮುಖ ಆಚೆ ತಿರುಗಿಸಿ, "ಇವತ್ತು ನೀನು ಹೋಗು" ಅಂದರು.

ಅವನು ಪತ್ರವನ್ನು ಮೇಜಿನ ಮೇಲಿಟ್ಟು ಹೊರಟ. ಬೈದು ಅಟ್ಟಿದ್ದರೆ ಹಗುರಾಗುತ್ತಿತ್ತು ಅಂತ ಆಮೇಲೆ ಹೆಂಡತಿಯ ಹತ್ತಿರ ಹೇಳಿದನಂತೆ.

ಮಾಲೀಕರಿಗೂ ಹೇಳಿದ. ಕೆಲಸ ಬಿಡಿ ಅಂದರೆ ಬಿಡಲು ಸಿದ್ಧವಾಗಿಯೇ ಹೋಗಿದ್ದ. ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ರಿಪೇರಿಗೆ ಬೇಕಾದದ್ದು ಕೈ, ಅದು ನೆಟ್ಟಗಿದೆಯಲ್ಲ, ಹಿಂದಿನ ಕೋಣೆಯಲ್ಲಿ ಕೂತ್ಕೊಳ್ಳಿ ಅಂದರು. ಕಿವಿರಾಯ ಅಂತ ಕರೆಯುವುದನ್ನು ಅವತ್ತಿನಿಂದ ಬಿಟ್ಟರು. ಕರೆಯುತ್ತಿದ್ದಾಗ ಇಲ್ಲದ ಚುಚ್ಚು ಕರೆಯದಿದ್ದಾಗ ಇತ್ತು.

ಅವನಿಗೆ ಇನ್ನೊಂದು ಯೋಚನೆ ಹತ್ತಿತು. ಕಿವಿ ಕೆಟ್ಟ ಎರಡು ವರ್ಷದಲ್ಲಿ ತಾನು ಆರಿಸಿಕೊಟ್ಟ ಮನೆಗಳು ಇನ್ನೂ ಎಷ್ಟೋ ಇವೆಯಲ್ಲ? ರಸೀದಿ ಪುಸ್ತಕ ತಿರುವಿ ವಿಳಾಸ ಬರೆದುಕೊಂಡ, ಒಟ್ಟು ಹದಿಮೂರು. ರಜೆಯ ದಿನಗಳಲ್ಲಿ ಮೀಟರು, ಸ್ಕ್ರೂ ಡ್ರೈವರು ಹಿಡಿದು ಒಂದೊಂದೇ ಮನೆಗೆ ಹೋದ. ಕರೆಯದೆ ಯಾಕೆ ಬಂದಿರಿ ಅಂತ ಎಲ್ಲರೂ ಕೇಳುತ್ತಿದ್ದರು. ಪ್ರತಿ ಮನೆಯ ಹೊಸ್ತಿಲಲ್ಲೂ ಅದೇ ಮಾತು ಹೇಳಬೇಕಾಯಿತು: "ನನಗೆ ಸಣ್ಣ ಸದ್ದು ಕೇಳಿಸಲ್ಲ, ಅದನ್ನ ಮುಚ್ಚಿಟ್ಟು ನಿಮಗೆ ಆರಿಸಿಕೊಟ್ಟೆ, ಒಂದು ಸಲ ನೋಡ್ತೀನಿ." ಹದಿಮೂರನೆಯ ಮನೆಯಲ್ಲೂ ಅದು ಮೊದಲನೆಯ ಮನೆಯಷ್ಟೇ ಕಷ್ಟವಾಯಿತು. ಹೆಚ್ಚಿನವರು ಪಾಪ ಅಂದು ಕೂರಿಸಿದರು. ಒಬ್ಬ ದರ್ಜಿ ಮಾತ್ರ ಬಾಗಿಲಲ್ಲೇ ನಿಲ್ಲಿಸಿ, ನಿಮ್ಮ ಮಾತು ನಂಬಿ ನಾಲ್ಕು ಜನಕ್ಕೆ ಹೇಳಿದ್ದೆನಲ್ಲ, ಅವರಿಗೆ ಈಗ ನಾನು ಏನು ಹೇಳಲಿ ಅಂದ. ಹದಿಮೂರರಲ್ಲಿ ಎರಡು ಮನೆಗಳಲ್ಲಿ ದೋಷ ಸಿಕ್ಕಿತು. ಒಂದು ಸತ್ತ ಟ್ವೀಟರು, ಇನ್ನೊಂದರಲ್ಲಿ ತಂತಿ ತಿರುವುಮುರುವು. ಎರಡನ್ನೂ ತನ್ನ ಖರ್ಚಿನಲ್ಲಿ ಸರಿಮಾಡಿಕೊಟ್ಟ.

ಹೆಂಡತಿಯ ಒತ್ತಾಯಕ್ಕೆ ಕಿವಿಗೆ ಯಂತ್ರವನ್ನೂ ಹಾಕಿಸಿಕೊಂಡ. ಅದರಿಂದ ಜನರ ಮಾತು ಸ್ಪಷ್ಟವಾಯಿತು, ಸಂಗೀತ ಮಾತ್ರ ತಗಡು ಬಡಿದ ಹಾಗೆ. ಸ್ಪೀಕರು ಆರಿಸಿಕೊಡಿ ಅಂತ ಬಂದವರಿಗೆ ಈಗ ಅವನು, ಮನೆಯಲ್ಲಿ ಚೆನ್ನಾಗಿ ಕಿವಿ ಕೇಳುವವರು ಯಾರೋ ಅವರನ್ನು ಕರೆತನ್ನಿ, ಬೆಲೆ ಗುಣ ನಾನು ಹೇಳುತ್ತೇನೆ, ಕೇಳುವುದನ್ನು ಅವರು ಕೇಳಲಿ ಅನ್ನುತ್ತಿದ್ದ. ಕೆಲವರು ಕರೆತರುತ್ತಿದ್ದರು, ಕೆಲವರು ಬೇರೆ ಅಂಗಡಿಗೆ ಹೋಗುತ್ತಿದ್ದರು.

ಮೂರು ತಿಂಗಳ ಮೇಲೆ ಕಂಡಕ್ಟರು ಫೋನು ಮಾಡಿದರು. ಟೀಚರಿಗೆ ಬೆನ್ನ ಹಿಂದಿನ ಎರಡು ಸ್ಪೀಕರು ಬೇಕಂತೆ, ನೀನೇ ಬರಬೇಕಂತೆ. ಎರಡು ಜೋಡಿ ಹೊತ್ತು ಹೋದ. ಟೀಚರ್ ಹಳೆಯ ಮಾತು ಎತ್ತಲಿಲ್ಲ. ಒಂದೊಂದು ಜೋಡಿಯನ್ನೂ ಎರಡೆರಡು ಸಲ ಕೇಳಿ, ಎರಡನೆಯದು ಇರಲಿ ಅಂದರು. ಯಾಕೆ ಅಂತ ಕೇಳಿದ್ದಕ್ಕೆ, ಮೊದಲನೆಯದರಲ್ಲಿ ಪಾತ್ರೆ ಬಿದ್ದರೂ ಗಾಜು ಬಿದ್ದ ಹಾಗೆ ಕೇಳಿಸುತ್ತದೆ ಅಂತ ವಿವರಿಸಿ ಹೇಳಿದರು. ಅವನು ತಲೆಯಾಡಿಸಿದ. ಅವರಿಗೆ ಕಾಣದೆಂದು ನೆನಪಾಗಿ "ಸರಿ ಟೀಚರ್" ಅಂದ.

ಅವತ್ತು ಅವರ ಮನೆಯಲ್ಲಿ ಇದ್ದಷ್ಟು ಹೊತ್ತೂ ಅವನು ನೆಲ ನೋಡಿಕೊಂಡೇ ಕೆಲಸ ಮಾಡಿದ. ತನ್ನ ಮುಖ ಅವರಿಗೆ ಕಾಣದಿರುವುದು ಎಷ್ಟೋ ವಾಸಿ ಅಂತ ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೂ ನಾಚಿಕೆಯಾಗಿ, ತಂತಿಯ ತುದಿಯನ್ನು ಸುಮ್ಮನೆ ಇನ್ನೊಂದು ಸಲ ಬಿಗಿಮಾಡಿದ.