ಚಪ್ಪಲಿ ಕಾಯುವ ಸರದಿ

ಟ್ಯೂಬ್ ಮಾವನಿಗೆ ಆ ಹೆಸರು ಬಂದದ್ದು ಪಂಕ್ಚರ್ ಅಂಗಡಿಯಿಂದಲ್ಲ, ಸಮುದ್ರದಿಂದ. ಅಂಗಡಿ ಮೊದಲೂ ಇತ್ತು, ಈಗಲೂ ಇದೆ. ಬಂದರಿನ ರಸ್ತೆ ತಿರುಗುವ ಕಡೆ, ತಗಡಿನ ಮಾಡಿನ ಕೆಳಗೆ, ಗಾಳಿ ತುಂಬುವ ಯಂತ್ರ ಮತ್ತು ಟ್ಯೂಬು ಮುಳುಗಿಸಿ ತೂತು ಹುಡುಕುವ ನೀರಿನ ತೊಟ್ಟಿ. ಆದರೆ ಬಹಳ ವರ್ಷ, ಪ್ರವಾಸಿ ಹಡಗು ಬಂದ ದಿನ ಆ ಅಂಗಡಿಗೆ ಬೀಗ ಬೀಳುತ್ತಿತ್ತು. ಹಡಗು ಬೆಳಿಗ್ಗೆ ಬಂದು ಸಂಜೆಗೆ ಹೊರಡುವುದು. ಅಷ್ಟರೊಳಗೆ, ಈಜು ಬಾರದವರಿಗೂ ಸಮುದ್ರದ ಒಳಗನ್ನು ತೋರಿಸಿ ಕ್ಷೇಮವಾಗಿ ವಾಪಸು ಬಿಡುವುದು ಮಾವನ ಕೆಲಸ.

ಅವರ ಉಪಾಯ ಸರಳ. ಲಾರಿಯ ಟ್ಯೂಬಿಗೆ ಗಾಳಿ ತುಂಬಿ ನೀರಿನ ಮೇಲೆ ಬಿಡುವರು. ಹೊಸಬರು ಅದರ ಮೇಲೆ ಬೋರಲು ಮಲಗಿ, ನಡುವಿನ ತೂತಿನಲ್ಲಿ ಮುಖ ಇಳಿಸಬೇಕು. ಕಣ್ಣಿಗೆ ಗಾಜಿನ ಮುಖವಾಡ, ಬಾಯಲ್ಲಿ ಉಸಿರಾಡುವ ಕೊಳವೆ. ಮಾವ ಹಗ್ಗ ಹಿಡಿದು, ಎಮ್ಮೆಯನ್ನು ನೀರಿಗೆ ಕರೆದೊಯ್ಯುವವರ ಹಾಗೆ ಮುಂದೆ ಮುಂದೆ ನಡೆಯುವರು.

"ಮೊದಲು ಗಾಜಿನೊಳಗೆ ಉಗುಳಿ, ಉಜ್ಜಿ, ತೊಳೀರಿ. ಇಲ್ಲಾಂದ್ರೆ ಮಂಜು ಕಟ್ಕೊಳ್ಳುತ್ತೆ. ನಾಚ್ಕೋಬೇಡಿ, ನಿಮ್ಮ ಉಗುಳು ನಿಮ್ಮ ಗಾಜಿಗೇ ತಾನೆ?"

ಅತ್ತೆ, ಅಂದರೆ ಮಾವನ ಹೆಂಡತಿ, ದಡದಲ್ಲಿ ಕೊಡೆ ನೆಟ್ಟು ಕೂತು ಬಂದವರ ಕನ್ನಡಕ, ಕೈಗಡಿಯಾರ, ಚಪ್ಪಲಿ ಕಾಯುತ್ತಿದ್ದರು. "ನೀನೂ ಒಂದ್ಸಲ ಬಾರೇ, ಮೀನು ನೋಡು" ಎಂದು ಮಾವ ಕರೆದಾಗಲೆಲ್ಲ ಒಂದೇ ಉತ್ತರ: "ಚಪ್ಪಲಿ ಯಾರು ಕಾಯ್ತಾರೆ?" ಹೀಗೆ ಕರೆಯುತ್ತ, ಹೀಗೆ ಉತ್ತರ ಕೊಡುತ್ತ ಇಬ್ಬರ ತಲೆಯೂ ನರೆಯಿತು.

ಆಮೇಲೆ ಆ ದಡವೇ ಇಲ್ಲವಾಯಿತು. ಮಲಗಿದ ಕರುವಿನಂತಹ ಬಂಡೆಯೊಂದು ಅಲೆಗೆ ಅಡ್ಡ ಇದ್ದುದರಿಂದ ಅಲ್ಲಿ ನೀರು ಸದಾ ಶಾಂತವಾಗಿರುತ್ತಿತ್ತು. ದೊಡ್ಡ ಹಡಗುಗಳು ಬಂದು ತಾಗಲು ಉದ್ದದ ಕಟ್ಟೆ ಬೇಕೆಂದು ಕರುವಿನ ಮೇಲೂ ಮರಳಿನ ಮೇಲೂ ಕಲ್ಲು ಸುರಿದು ಕಾಂಕ್ರೀಟು ಹಾಕಿದರು. ಮಾವ ಮುಖವಾಡಗಳನ್ನು ಮೊಳೆಗೆ ತೂಗುಹಾಕಿ ಅಂಗಡಿಯ ತೊಟ್ಟಿಗೆ ಮರಳಿದರು. ಬೇರೆ ದಡ ಹುಡುಕಿ ಎಂದು ಅತ್ತೆ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಸಮುದ್ರಕ್ಕೆ ಕಾಲಿಡಲೂ ಇಲ್ಲ.

ಒಂದು ಬೆಳಿಗ್ಗೆ ಮಾವ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದಾಗ ಹಡಗಿನಿಂದ ಇಳಿದ ವಯಸ್ಸಾದ ಹೆಂಗಸೊಬ್ಬರು ಮೊಮ್ಮಗಳ ಕೈ ಹಿಡಿದು ಬಂದು ನಿಂತರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು ಎಂಬುದು ಅವರು ಬಾಯಿ ತೆರೆದೊಡನೆ ತಿಳಿಯಿತು.

"ಟ್ಯೂಬಿನ ಮೇಲೆ ಮಲಗಿಸಿ ಮೀನು ತೋರಿಸೋರು ನೀವೇನಾ? ನಿಂತು ಮಾತಾಡಿ, ಕತ್ತು ನೋಯುತ್ತೆ."

ಮಾವ ಎದ್ದು ನಿಂತರು.

"ನಾನು, ನಮ್ಮಕ್ಕ, ಚಿಕ್ಕ ವಯಸ್ಸಲ್ಲಿ ಬಂದಿದ್ವಿ. ಆಗ ಹಡಗು ದೂರದಲ್ಲೇ ನಿಲ್ತಿತ್ತು, ದೋಣೀಲಿ ದಡಕ್ಕೆ ಬರಬೇಕಿತ್ತು. ಒಂದೇ ತೂತಿನಲ್ಲಿ ಇಬ್ಬರೂ ತಲೆ ಇಳಿಸಿದ್ವಿ. ಅಕ್ಕ ತೀರಿಹೋಗಿ ವರ್ಷ ಆಗ್ತಾ ಬಂತು. ಕರುವಿನ ಥರ ಒಂದು ಬಂಡೆ ಇತ್ತಲ್ಲ, ಅದೇ ನೀರಲ್ಲಿ ಇನ್ನೊಂದ್ಸಲ ಮುಖ ಇಡ್ಬೇಕು. ಸಂಜೆಗೆ ಹಡಗು ಹೊರಡುತ್ತೆ. ಆಗುತ್ತಾ?"

ಮಾವನಿಗೆ ಆ ಅಕ್ಕತಂಗಿ ನೆನಪಾಗಲಿಲ್ಲ. ಆದರೆ ಕರು ಕಣ್ಣಿಗೆ ಕಟ್ಟಿತು. ಅಂಗಡಿಯೊಳಗಿಂದ ಅತ್ತೆ ನೋಡಿದರು. ಮಾವ ಆ ನೋಟ ತಪ್ಪಿಸಿ, "ಬನ್ನಿ, ವ್ಯಾನ್ ಹತ್ತಿ" ಎಂದುಬಿಟ್ಟರು.

ಟೈರು ಸಾಗಿಸುವ ಹಳೆಯ ವ್ಯಾನು; ಹಿಂದೆ ಅಜ್ಜಿ, ಮೊಮ್ಮಗಳು, ಗಾಳಿ ತುಂಬಿದ ಟ್ಯೂಬು, ಮೊಳೆಯಿಂದ ಇಳಿಸಿದ ಮುಖವಾಡಗಳು. ಮುಂದಿನ ಸೀಟಿನಲ್ಲಿ ಅತ್ತೆ ಪಿಸುಗುಟ್ಟಿದರು: "ಆ ದಡ ಅವರ ಹಡಗಿನ ಬುಡದಲ್ಲೇ ಇದೆ. ಹೇಳಿಬಿಡ್ರೀ."

"ಹೇಗೆ ಹೇಳ್ಲಿ? ಬೇರೆ ಒಳ್ಳೇ ದಡ ತೋರಿಸಿ, ಕರುವನ್ನ ಅಲೆ ಕೊಚ್ಕೊಂಡು ಹೋಯ್ತು ಅಂತೀನಿ."

"ಅಲೆಗೆ ಬೇರೆ ಕೆಲಸ ಇಲ್ವಾ?" ಎಂದು ಅತ್ತೆ ಕಿಟಕಿಯ ಕಡೆ ತಿರುಗಿದರು.

ದೀಪಸ್ತಂಭದ ಕೆಳಗಿನ ಮೊದಲ ದಡದಲ್ಲಿ ಗಾಳಿ ಎದುರಿಗಿತ್ತು. ಅಲೆ ಸೊಂಟದೆತ್ತರ ಏಳುತ್ತಿತ್ತು. ಎರಡನೆಯದು ನೋಡಲು ಶಾಂತ. ಆದರೆ ಅತ್ತೆ ಕೈ ಅದ್ದಿದರೆ ಬೆರಳೇ ಕಾಣಲಿಲ್ಲ, ಮೋರಿಯ ನೀರು ಬಂದು ಸೇರಿತ್ತು. ಮೊಮ್ಮಗಳು ಗಡಿಯಾರ ನೋಡತೊಡಗಿದಳು. "ಟ್ಯೂಬ್ ತಾತ, ನಾವು ಸಮುದ್ರ ನೋಡೋಕೆ ಬಂದಿದ್ದೀವಾ, ವ್ಯಾನ್ ನೋಡೋಕಾ?"

ಆಗ ಮಾವನಿಗೆ ಹೊಳೆದದ್ದು ಮಂಜುಗಡ್ಡೆ ಕಾರ್ಖಾನೆಯ ಹಿಂಭಾಗ. ಯಾರೂ ಹೋಗದ ಜಾಗ. ಗೋಡೆಯ ಪಕ್ಕದ ಓಣಿ ದಾಟಿದರೆ ಸಣ್ಣದೊಂದು ದಡ, ಎದುರಿಗೆ ಬಂಡೆಗಳ ಸಾಲು. ಅಲೆಯ ಏಟೆಲ್ಲ ಆ ಸಾಲಿಗೇ ಬೀಳುತ್ತಿತ್ತು, ಒಳಗಿನ ನೀರು ಅಲುಗುತ್ತಿರಲಿಲ್ಲ. ತಳದಲ್ಲಿ ಮುಳ್ಳು, ಚೂಪುಗಲ್ಲು ಇದೆಯೇ ಎಂದು ಕಾಲಿನಿಂದ ತಡವದೆ ಹೊಸಬರನ್ನು ಇಳಿಸುವಂತಿಲ್ಲ. ಮಾವ ಪ್ಯಾಂಟು ಮಡಚಿ ನೀರಿಗಿಳಿದರು. ಎಷ್ಟೋ ವರ್ಷದ ಮೇಲೆ ಮರಳು ಬೆರಳ ಸಂದಿಯಲ್ಲಿ ಜಾರಿತು. ಪುಟ್ಟ ಪಟ್ಟೆಮೀನೊಂದು ಕಣಕಾಲನ್ನು ಮೂಸಿ ಹೋಯಿತು. ಸೊಂಟದವರೆಗೂ ಹೋಗಿ, ತಿರುಗಿ, ಸುಮ್ಮನೆ ನಿಂತುಬಿಟ್ಟರು.

"ಇದೇನಾ? ಕರು ಎಲ್ಲಿ?" ದಡದಿಂದ ಟೀಚರಮ್ಮ ಕೇಳಿದರು.

ಅಲೆಯ ಮಾತು ಮಾವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನೀರಿನಲ್ಲಿ ನಿಂತು ಹೊಸಬರಿಗೆ ಅವರು ಒಮ್ಮೆಯೂ ಸುಳ್ಳು ಹೇಳಿದವರಲ್ಲ. ಸೊಂಟದ ಆಳವಿದ್ದರೆ ಸೊಂಟದ ಆಳ ಎಂದೇ ಹೇಳಿದವರು. ಆ ಮಾತನ್ನು ನಂಬಿ ತಾನೇ ಬಂದವರು ಮುಖ ಇಳಿಸುತ್ತಿದ್ದದ್ದು!

"ಇದಲ್ಲಮ್ಮ. ಅದು ಈಗ ಇಲ್ಲ. ಬೆಳಿಗ್ಗೆ ಹಡಗಿಂದ ಇಳಿದ್ರಲ್ಲ, ಆ ಕಟ್ಟೆಯ ಕೆಳಗಿದೆ. ಮೊದಲೇ ಹೇಳೋಕೆ ಬಾಯಿ ಬರಲಿಲ್ಲ."

ಟೀಚರಮ್ಮ ಮರಳಿನ ಮೇಲೆ ಕೂತರು. "ಪುಟ್ಟಿ, ನೀನು ಹೋಗು" ಎಂದರು. ಹುಡುಗಿ ಗಾಜಿಗೆ ಉಗುಳಿ, ಟ್ಯೂಬಿನ ಮೇಲೆ ಮಲಗಿ, ಕೊಳವೆಯೊಳಗಿಂದಲೇ ಕಿರುಚಿದಳು. ಅಜ್ಜಿ ಅತ್ತ ನೋಡಲಿಲ್ಲ. ತಮ್ಮ ಚಪ್ಪಲಿಗಳನ್ನೇ ನೋಡುತ್ತ ಕೂತಿದ್ದರು.

"ಇಲ್ಲಿ ಕೊಡಿ, ನಾನು ಕಾಯ್ತೀನಿ" ಎಂದು ಅತ್ತೆ ಕೈ ಚಾಚಿದರು.

"ಅವತ್ತೂ ಒಬ್ಬಳು ಹೀಗೇ ಇಸ್ಕೊಂಡು ಒಂದೊಂದನ್ನ ಅದಲು ಬದಲು ಮಾಡಿ ಕೊಟ್ಟಿದ್ಲು" ಎಂದರು ಟೀಚರಮ್ಮ. "ಇಬ್ಬರದೂ ನೀಲಿ ಪಟ್ಟಿ. ಅಕ್ಕನ ಕಾಲು ದೊಡ್ಡದು, ನನ್ನದು ಚಿಕ್ಕದು."

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು. "ಅಯ್ಯೋ ದೇವ್ರೇ! ಹಡಗು ಕೂಗಿತ್ತು, ಗಡಿಬಿಡಿ ಮಾಡಿದ್ರಿ! ದೋಣಿ ಹತ್ತೋವಾಗ ಒಬ್ಬರ ಹಿಮ್ಮಡಿ ಹೊರಗೆ ನೇತಾಡ್ತಿತ್ತು. ನಾನು ನೀರಂಚಿಗೆ ಓಡಿ ಬಂದು ಕೂಗ್ದೆ, ನೀವು ಇಬ್ಬರೂ ಕೈ ಬೀಸಿ ಟಾಟಾ ಹೇಳಿದ್ರಿ!"

"ನೀವೇನಾ ಅದು?" ಟೀಚರಮ್ಮ ಪೂರ್ತಿ ಅವರ ಕಡೆ ತಿರುಗಿದರು. "ಎಂಥ ಒಳ್ಳೇ ಹುಡುಗಿ, ಅಷ್ಟು ದೂರ ಬಂದು ಬೀಳ್ಕೊಡ್ತಿದ್ದಾಳೆ ಅಂದ್ಕೊಂಡ್ವಿ. ಆಮೇಲೆ ಅಕ್ಕ ನನ್ನದನ್ನ ವಾಪಸ್ ಕೊಡೋಕೆ ಒಪ್ಪಲೇ ಇಲ್ಲ ರೀ. ಜಗಳ ಆದಾಗೆಲ್ಲ, 'ನನ್ನದೊಂದು ಚಪ್ಪಲಿ ನಿನ್ನ ಹತ್ರ ಇದೆ, ಮರೀಬೇಡ' ಅಂತಿದ್ಲು. ಪಟ್ಟಿ ಕಿತ್ತುಹೋಗಿದೆ. ಈಗಲೂ ಇಟ್ಕೊಂಡಿದ್ದೀನಿ."

ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. ನಗು ಮಾತ್ರ ನಿಲ್ಲಲಿಲ್ಲ. ಅತ್ತೆಯ ಮೊಣಕೈ ಹಿಡಿದು ಎದ್ದರು. "ನಡೀರಿ. ನನ್ನೊಬ್ಬಳಿಂದ ಆಗಲ್ಲ. ತಲೆ ಎರಡಿರಬೇಕು."

"ನಾನಾ? ಚಪ್ಪಲಿ ಯಾರು..."

"ನಿಮ್ಮ ಯಜಮಾನರು ಕಾಯ್ತಾರೆ. ಏನ್ರೀ, ಕಾಯ್ತೀರಿ ತಾನೆ?"

"ಕಾಯ್ತೀನಿ" ಎಂದರು ಮಾವ, ತರಗತಿಯಲ್ಲಿ ಎದ್ದು ನಿಂತ ಹುಡುಗನ ಹಾಗೆ.

ಟ್ಯೂಬಿನ ಉದ್ದ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಮರಳಿನ ಮೇಲೆ ಕೂತರು. ಸಮುದ್ರವನ್ನು ದಡದಿಂದ ನೋಡುತ್ತ ಕೂರುವುದು ಅವರಿಗೆ ಹೊಸದು. ಮೊಮ್ಮಗಳು ನೀರಿನಲ್ಲಿ ನಿಂತು ಟ್ಯೂಬು ಹಿಡಿದಿದ್ದಳು. ಎರಡು ನರೆತ ತಲೆಗಳು ಒಂದೇ ತೂತಿನೊಳಗೆ ಇಳಿದವು, ಡಿಕ್ಕಿ ಹೊಡೆದು ಮೇಲೆ ಬಂದವು, ನಕ್ಕು ಮತ್ತೆ ಇಳಿದವು. ಅವರು ನಕ್ಕಾಗಲೆಲ್ಲ ಹಗ್ಗ ಮಾವನ ಮುಂಗೈಯಲ್ಲಿ ಸಣ್ಣಗೆ ಅದುರುತ್ತಿತ್ತು. ಇಷ್ಟು ವರ್ಷ ಇವಳು ಹೀಗೆ ದಡದಲ್ಲಿ ಕೂತು ಏನು ನೋಡುತ್ತಿದ್ದಳೋ ಎಂದುಕೊಂಡರು. ಮಧ್ಯೆ ಮಧ್ಯೆ ಚಪ್ಪಲಿಗಳನ್ನು ಅಳತೆ ನೋಡಿ, ಎಡ ಬಲ ನೋಡಿ, ಜೋಡಿ ಜೋಡಿಯಾಗಿ ಇಟ್ಟರು.

ಹೊತ್ತಿಗೆ ಮೊದಲೇ ಅವರನ್ನು ಕಟ್ಟೆಗೆ ತಂದು ಬಿಟ್ಟರು. ಟೀಚರಮ್ಮ ಕಾಂಕ್ರೀಟಿನ ಮೇಲೆ ಒಂದು ಗಳಿಗೆ ನಿಂತು ಕೆಳಗೆ ನೋಡಿ, ಆಮೇಲೆ ಹಡಗಿನ ಮೆಟ್ಟಿಲು ಹತ್ತತೊಡಗಿದರು. ಮಾವ ಗಮನಿಸಿದರು: ಒಂದು ಕಾಲಿನಲ್ಲಿ ಅವರದೇ ಕಂದು ಚಪ್ಪಲಿ, ಇನ್ನೊಂದರಲ್ಲಿ ಅತ್ತೆಯ ಕಪ್ಪು ಚಪ್ಪಲಿ, ಹಿಮ್ಮಡಿ ಹೊರಗೆ ನೇತಾಡುತ್ತಿದೆ.

"ಅಲ್ಲಾ ಕಣೇ, ನಾನು ಸರಿಯಾಗೇ ಇಟ್ಟಿದ್ದೆ..." ಕೂಗಲು ಬಾಯಿ ತೆರೆದರು.

ಅತ್ತೆ ಮೊಣಕೈಯಿಂದ ಪಕ್ಕೆಗೆ ತಿವಿದರು. "ಸುಮ್ನೆ ಕೈ ಬೀಸ್ರೀ."