ಕಪ್ಪು ಬಳಿದ ಹೆಸರುಗಳು

ಸ್ತನದ ಆಪರೇಷನ್ ಆದ ಹೆಂಗಸರಿಗಾಗಿ ಮೆತ್ತೆಯಿಟ್ಟ ಒಳಉಡುಪು ಹೊಲಿದು ಆನ್‌ಲೈನ್‌ನಲ್ಲಿ ಮಾರುತ್ತೇನೆ. ನನಗೇ ಆಪರೇಷನ್ ಆದಮೇಲೆ ಲೊರೆಶೋ ಬಡಾವಣೆಯ ನಮ್ಮ ಮನೆಯಲ್ಲಿ ಶುರುವಾದ ಕೆಲಸ. ಕೊಳ್ಳುವವರಲ್ಲಿ ಎಷ್ಟೋ ಜನ ಮನೆಯವರಿಗೂ ಹೇಳಿರುವುದಿಲ್ಲ. ಅದಕ್ಕೇ ವೆಬ್‌ಸೈಟಿನಲ್ಲಿ, "ನಿಮ್ಮ ಹೆಸರು ಹೊರಗೆ ಹೋಗುವುದಿಲ್ಲ" ಎಂದು ಬರೆದಿದ್ದೆ.

ಕಳೆದ ವರ್ಷ ತೆರಿಗೆ ಕಚೇರಿಯಿಂದ ಪತ್ರ ಬಂತು. ಏನು ಮಾರಿದೆ, ಯಾರಿಗೆ ಮಾರಿದೆ, ಅವರ ಫೋನ್ ನಂಬರು, ಎಲ್ಲ ವಿವರ ಬೇಕಂತೆ. ತೆರಿಗೆ ಸರಿಯಾಗಿಯೇ ಕಟ್ಟುತ್ತಿದ್ದೆ, ಆ ಭಯವಿರಲಿಲ್ಲ. ಹೆಸರು ಕೊಡುವುದಕ್ಕೆ ಮಾತ್ರ ಮನಸ್ಸು ಬರಲಿಲ್ಲ. ಪಟ್ಟಿಯ ಒಂದೊಂದು ಹೆಸರಿನ ಮೇಲೂ ಕಪ್ಪು ಮಾರ್ಕರ್ ಎಳೆದು, ಮಟಾಟು ವ್ಯಾನು ಹತ್ತಿ ಕಚೇರಿಗೆ ಹೋದೆ.

ಅಧಿಕಾರಿ ನಡುವಯಸ್ಸಿನ ಹೆಂಗಸು. ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಇದೇನು?"

ಚೀಲದಿಂದ ಒಂದು ಉಡುಪು ತೆಗೆದು ಮೇಜಿನ ಮೇಲಿಟ್ಟೆ. ಅವರು ಮೆತ್ತೆಯನ್ನು ಬೆರಳಿಂದ ಒತ್ತಿ ನೋಡಿದರು, ಆಮೇಲೆ ಬಾಗಿಲು ಮುಚ್ಚಿ ಬಂದು ಕೂತರು.

"ನನಗೆ ರಸೀದಿ ನಂಬರು, ಬೆಲೆ, ತೆರಿಗೆ ಇಷ್ಟಿದ್ದರೆ ಸಾಕು. ಅನುಮಾನ ಬಂದರೆ ಆ ಒಂದು ರಸೀದಿಯನ್ನಷ್ಟೇ ಕೇಳುತ್ತೇನೆ. ಇದನ್ನೇ ಅರ್ಜಿಯಾಗಿ ಬರೆದುಕೊಡಿ, ಮೇಲಿನವರನ್ನು ಒಪ್ಪಿಸುವುದು ನನಗಿರಲಿ," ಎಂದರು. ನಾನು ಬರೆಯುತ್ತಿರುವಾಗ ಕೇಳಿದರು, "ಪಾರ್ಸೆಲ್ ತಲುಪಿಸುವವರಿಗೆ ಒಳಗೇನಿದೆ ಅಂತ ಗೊತ್ತಾಗಲ್ವಾ?"

ನನ್ನ ಪೆನ್ನು ನಿಂತಿತು. ಪ್ರತಿ ಪಾರ್ಸೆಲ್ ಮೇಲೂ ಹೆಸರಿನ ಕೆಳಗೆ ಉಡುಪಿನ ವಿವರವನ್ನು ದೊಡ್ಡ ಅಕ್ಷರದಲ್ಲಿ ಅಂಟಿಸುತ್ತಿದ್ದವಳು ನಾನೇ. ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರೂ ಓದಬಹುದಿತ್ತು. ಇಷ್ಟು ವರ್ಷ ಅದು ನನಗೆ ಹೊಳೆದೇ ಇರಲಿಲ್ಲ.

ಮನೆಗೆ ಬಂದು ಮಗಳಿಗೆ ಹೇಳಿದೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಅವಳು. "ಪಾರ್ಸೆಲ್ ತಲುಪಿ, ವಾಪಸು ಕಳಿಸುವ ಅವಧಿಯೂ ಮುಗಿದಮೇಲೆ ಹೆಸರು ಯಾಕೆ ಇಟ್ಕೋಬೇಕು ಅಮ್ಮಾ?" ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಭಾನುವಾರವೆಲ್ಲ ಕೂತು, ಆ ಅವಧಿ ಮುಗಿದೊಡನೆ ಹೆಸರು ಅಳಿಸಿಹೋಗಿ ರಸೀದಿ ಮಾತ್ರ ಉಳಿಯುವ ಹಾಗೆ ವೆಬ್‌ಸೈಟು ಸರಿಮಾಡಿದಳು. ನಾನು ಹಳೆಯ ಲೇಬಲ್‌ಗಳನ್ನೆಲ್ಲ ಹರಿದುಹಾಕಿದೆ.

ಮೂರು ವಾರಕ್ಕೆ ಅರ್ಜಿ ಒಪ್ಪಿಗೆಯಾಯಿತು. ಹಳೆಯ ಹೆಸರುಗಳ ಪಟ್ಟಿಯನ್ನು ಅಳಿಸುವ ಮೊದಲು, ಹಿಂದೆ ನಡೆದ ತಪ್ಪನ್ನೂ ಮುಚ್ಚಿಡದೆ, ಕೊಂಡವರಿಗೆಲ್ಲ ಪತ್ರ ಬರೆದು ಕ್ಷಮೆ ಕೇಳಿದೆ. ಇಬ್ಬರು ಬೇಜಾರು ಮಾಡಿಕೊಂಡರು, ಅದು ನ್ಯಾಯವೇ. ಗಿಗಿರಿ ಬಡಾವಣೆಯಲ್ಲಿ ಕೆಲಸ ಮಾಡುವ ಒಬ್ಬರು ಮಾತ್ರ ಫೋನ್ ಮಾಡಿ, ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿ, "ಅಸಾಂಟೆ, ಹೇಳಿದ್ದು ಒಳ್ಳೆಯದಾಯಿತು. ನನ್ನ ಜೊತೆ ಚಿಕಿತ್ಸೆಗೆ ಬರುವ ನಾಲ್ಕು ಜನಕ್ಕೆ ಅಳತೆ ತೆಗೀಬೇಕು, ಯಾವಾಗ ಬರ್ತೀರಿ?" ಎಂದು ಕೇಳಿದರು.

ಮಂಗಳವಾರ ಬರುತ್ತೇನೆ ಎಂದೆ.