ಪೊಲೀಸಕ್ಕ ಕಾಯುತ್ತಿದ್ದ ಉತ್ತರ

ಅವಳನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯ ಪಾರ್ಶ್ವವಾಯು ವಾರ್ಡಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ. ತಿಳಿನೀಲಿ ಸಮವಸ್ತ್ರದ ತೋಳನ್ನು ಮೇಲಕ್ಕೆ ಮಡಚಿದ್ದಳು, ಕೈಯಲ್ಲಿ ಒದ್ದೆ ಟವೆಲ್. ಅಮ್ಮನ ಮುಖ ಒರೆಸುತ್ತಾ, "ದೊಡ್ಡಮ್ಮ, ನಿಮಗೆ ಮೂರು ಮಕ್ಕಳಲ್ವಾ?" ಎಂದು ಕೇಳಿ, ಒರೆಸುವುದನ್ನು ನಿಲ್ಲಿಸಿ ಕಾದಳು. ಅಮ್ಮನಿಗೆ ಮಾತು ಹೋಗಿ ಆಗಲೇ ಒಂಬತ್ತು ದಿನವಾಗಿತ್ತು.

"ನಾನೊಬ್ಬಳೇ ಮಗಳು," ಎಂದೆ.

"ನಿಮ್ಮನ್ನ ಕೇಳಿದ್ನಾ ಮೇಡಂ?"

ಅವಳು ವಾರ್ಡಿನ ಆಯಾ. ಸಿಕ್ಕವರನ್ನೆಲ್ಲ ವಿಚಾರಣೆ ಮಾಡುತ್ತಾಳೆಂದು ಎಲ್ಲರೂ ಪೊಲೀಸಕ್ಕ ಎನ್ನುತ್ತಿದ್ದರು. ಮಾತು ಹೋದವರನ್ನು ಬೇಕೆಂದೇ ತಪ್ಪುತಪ್ಪಾಗಿ ಪ್ರಶ್ನೆ ಕೇಳುವಳು. ತಿದ್ದುವ ಚಡಪಡಿಕೆಗಾದರೂ ಬಾಯಿ ಬರಲಿ ಎಂದು.

ಮಾತು ಕಲಿಸುವ ತಜ್ಞರ ಹುದ್ದೆ ಎರಡು ವರ್ಷದಿಂದ ಖಾಲಿಯಿತ್ತು. ಹಾಲು ಮಾರಿ ನನ್ನನ್ನು ಓದಿಸಿದವಳು ಅಮ್ಮ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಓದಿನಿಂದಲೇ ಅವಳ ಮಾತು ತರುತ್ತೇನೆಂದುಕೊಂಡೆ. ಗ್ರಂಥಾಲಯದಿಂದ ಪುಸ್ತಕ ತಂದು, ಚಾರ್ಟು ಬರೆದು, ದಿನಕ್ಕೆ ನಾಲ್ಕು ಸಲ ಅಭ್ಯಾಸ ಮಾಡಿಸಿದೆ. ಅಮ್ಮ ನನ್ನನ್ನು ದಾಟಿ ಗೋಡೆ ನೋಡುತ್ತಿದ್ದಳು. ಪೊಲೀಸಕ್ಕ ಬಂದರೆ ಮಾತ್ರ ಕತ್ತು ತಿರುಗುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಮಾತು ಹೋದ ಇಪ್ಪತ್ತಾರನೆಯ ದಿನ ಪೊಲೀಸಕ್ಕನದು ಮತ್ತೆ ಅದೇ ಪ್ರಶ್ನೆ. ಅಮ್ಮನ ತುಟಿ ಓರೆಯಾಯಿತು. "ಒಂ...ದೇ," ಎಂದಳು.

ಇಡೀ ವಾರ್ಡು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆ ಮಾತು ನನ್ನ ಬಗ್ಗೆಯೇ ಇತ್ತು, ಸಿಕ್ಕಿದ್ದು ಪೊಲೀಸಕ್ಕನಿಗೆ. ಮಧ್ಯಾಹ್ನವೇ ಮುಖ್ಯ ನರ್ಸಿಗೆ ದೂರು ಬರೆದುಕೊಟ್ಟೆ: ಆಯಾ ರೋಗಿಗಳಿಗೆ ಸುಳ್ಳು ಹೇಳಿ ಗೊಂದಲ ಮಾಡುತ್ತಾಳೆ. ಮರುದಿನ ಅವಳನ್ನು ಕೆಳಗಿನ ಬಟ್ಟೆ ಕೋಣೆಗೆ ಹಾಕಿದರು. ಅಮ್ಮ ಮತ್ತೆ ಬಾಯಿ ಬಿಡಲಿಲ್ಲ.

ಐದು ದಿನ ತಡೆದೆ. ಆರನೆಯ ದಿನ ಬಟ್ಟೆ ಕೋಣೆಗೆ ಹೋಗಿ, "ದೂರು ಕೊಟ್ಟಿದ್ದು ನಾನೇ ಅಕ್ಕ," ಎಂದೆ.

"ಗೊತ್ತು. ಅಷ್ಟು ಚೆನ್ನಾಗಿ ಬರೆಯೋರು ಇಲ್ಲಿ ಇನ್ಯಾರಿದ್ದಾರೆ? ಬಂದವರು ಸುಮ್ನೆ ನಿಲ್ಬೇಡಿ, ಆ ತುದಿ ಹಿಡ್ಕೊಳ್ಳಿ."

ಇಬ್ಬರೂ ಹೊದಿಕೆ ಮಡಿಸಿದೆವು.

"ಅಮ್ಮ ಮಾತಾಡ್ತಾಳೆ ಅಂತ ನಿಮಗೆ ಅಷ್ಟು ನಂಬಿಕೆ ಹೇಗೆ ಬಂತು?"

"ನಂಬಿಕೆ ಯಾರಿಗಿತ್ತು? ಹನ್ನೊಂದು ವರ್ಷದಲ್ಲಿ ಉತ್ತರ ಕೊಟ್ಟೋರು ಏಳೇ ಜನ. ಆದ್ರೆ ಕೇಳಿದ್ಮೇಲೆ ಕಾಯ್ಬೇಕಲ್ವಾ? ನೀವು ಕಾಯಲ್ಲ ಮೇಡಂ. ಅವರ ಉತ್ತರಾನೂ ನೀವೇ ಹೇಳ್ಬಿಡ್ತೀರಿ."

ಮೇಲೆ ಬಂದು ಚಾರ್ಟು ತೆಗೆದಿಟ್ಟೆ. "ಅಮ್ಮ, ನಾನು ಹತ್ತನೇ ಕ್ಲಾಸ್ ಫೇಲ್ ಅಲ್ವಾ?" ಎಂದು ಕೇಳಿ, ಉತ್ತರ ನಾನೇ ಹೇಳಿಬಿಡದಂತೆ ತುಟಿ ಬಿಗಿದು ಕಾದು ಕೂತೆ. ನಾಲ್ಕು ದಿನ ಕೇಳಿದೆ. ನಾಲ್ಕನೆಯ ದಿನ ಅಮ್ಮ ನನ್ನನ್ನೇ ದುರುಗುಟ್ಟಿ ನೋಡಿ, "ಪಾ...ಸು," ಎಂದಳು.

ದೂರು ಹಿಂದಕ್ಕೆ ಪಡೆಯುತ್ತೇನೆಂದು ಮೂರು ಸಲ ಬರೆದುಕೊಟ್ಟಿದ್ದೇನೆ. ಕಚೇರಿ ಕಿವಿಗೆ ಹಾಕಿಕೊಂಡಿಲ್ಲ. ಅಮ್ಮ ಮಧ್ಯಾಹ್ನವಾದರೆ ಬಾಗಿಲತ್ತ ನೋಡುತ್ತಾಳೆ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಪೊಲೀಸಕ್ಕ ಈಗ ಬಟ್ಟೆ ಕೋಣೆಯಲ್ಲಿ ದಿನಕ್ಕೆ ಇನ್ನೂರು ಹೊದಿಕೆ ಮಡಿಸುತ್ತಾಳೆ, ಊಟದ ಬಿಡುವಿನಲ್ಲಿ ವಾರ್ಡಿಗೆ ಬಂದು ಮಾತು ಹೋದವರ ಪಕ್ಕ ಕೂರುತ್ತಾಳೆ.